ಕಡತ ಇಲ್ಲಿ, ಮಗು ಅಲ್ಲಿ

ಎರಡು ವರ್ಷದ ಹಿಂದೆ ಫೆಬ್ರವರಿಯ ಒಂದು ಶನಿವಾರ. ನಮ್ಮ ಕನ್ನಡ ತರಗತಿ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದೆ. ಒಬ್ಬ ಹುಡುಗನ ತಾಯಿ ಬಾಗಿಲ ಹತ್ತಿರವೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ಮೆಲ್ಲಗೆ, "ಮೇಡಂ, ಮುಂದಿನ ತಿಂಗಳು ನಾವು ಬೆಂಗಳೂರಿಗೆ ಹೊರಟುಬಿಡ್ತಿದ್ದೀವಿ. ಇವನಿಗೆ ಐದನೇ ಕ್ಲಾಸ್ ಪೂರ್ತಿ ಆಗಿಲ್ಲ. ಅಲ್ಲಿ ಐದಕ್ಕೆ ಹಾಕೋದಾ, ಆರಕ್ಕೆ ಹಾಕೋದಾ, ಒಂದೂ ಗೊತ್ತಾಗ್ತಿಲ್ಲ" ಎಂದರು. ಅವರ ಯಜಮಾನರ ಕೆಲಸ ಹೋಗಿತ್ತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳ ಅವಧಿ. 2017ರ ಜನವರಿಯಿಂದ ಇರುವ ನಿಯಮ ಇದು. ಆ ಅರವತ್ತು ದಿನದಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು, ಕಾರು ಮಾರಬೇಕು. ಇದರ ನಡುವೆ ಮಗುವಿನ ಓದಿನ ಬಗ್ಗೆ ಯೋಚಿಸಲು ಪುರುಸೊತ್ತು ಎಲ್ಲಿಂದ ಬರಬೇಕು?

ನಮ್ಮ ಬೇ ಏರಿಯಾದ ಕನ್ನಡ ಕುಟುಂಬಗಳಲ್ಲಿ ಇದು ಅಪರೂಪದ ಕಥೆಯೇನಲ್ಲ. ವೀಸಾ, ಗ್ರೀನ್ ಕಾರ್ಡಿನ ಕ್ಯೂ, ಊರಲ್ಲಿ ಅಪ್ಪ-ಅಮ್ಮನ ಆರೋಗ್ಯ, ಕಂಪನಿಯವರೇ ಬೆಂಗಳೂರಿನ ಆಫೀಸಿಗೆ ಕಳಿಸುವುದು, ಹೀಗೆ ಕಾರಣ ಯಾವುದೋ ಒಂದು. ಹೋದವರಲ್ಲಿ ಕೆಲವರು ಮೂರು ವರ್ಷಕ್ಕೆ ಮತ್ತೆ ಇಲ್ಲಿಗೇ ಬರುತ್ತಾರೆ. ಹೀಗೆ ಎರಡು ದೇಶಗಳ ನಡುವೆ ಓಡಾಡುವ ಮಕ್ಕಳ ಓದು ಕೈತಪ್ಪದಂತೆ ನೋಡಿಕೊಳ್ಳಲು ಕಂಪ್ಯೂಟರು, ಇಂಟರ್‌ನೆಟ್ಟು, ಫೋನು ಎಷ್ಟರ ಮಟ್ಟಿಗೆ ನೆರವಾಗುತ್ತವೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ಬರೆಯಲು ಹೊರಟಿದ್ದೇನೆ. ನಾನು ಶಿಕ್ಷಣ ತಜ್ಞೆಯಲ್ಲ. ವಾರಕ್ಕೊಮ್ಮೆ ಅಆಇಈ ಕಲಿಸುವ ಸ್ವಯಂಸೇವಕಿ. ಹತ್ತಾರು ಮಕ್ಕಳನ್ನು ಬೀಳ್ಕೊಟ್ಟು, ಕೆಲವರನ್ನು ಮರಳಿ ಬರಮಾಡಿಕೊಂಡು ತಿಳಿದುಕೊಂಡ ಸಂಗತಿಗಳಿವು.

ಮೊದಲು ಕಾಗದಪತ್ರದ ವಿಷಯ. ಆ ತಾಯಿ ಬೆಂಗಳೂರಿನ ಒಂದು ಶಾಲೆಗೆ ಫೋನು ಮಾಡಿದರೆ ಅವರು ಕೇಳಿದ ಮೊದಲ ಪ್ರಶ್ನೆ, "ಟಿ.ಸಿ. ಇದೆಯಾ?" ಇಲ್ಲಿನ ಶಾಲೆಯ ಕಚೇರಿಗೆ ಹೋಗಿ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕೊಡಿ ಎಂದರೆ ಅಲ್ಲಿದ್ದವರಿಗೆ ಅದೇನೆಂದೇ ಅರ್ಥವಾಗಲಿಲ್ಲ. ತಪ್ಪು ಯಾರದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ನಮ್ಮೂರಿನ ಟಿ.ಸಿ. ಎನ್ನುವ ಪದ್ಧತಿಯೇ ಇಲ್ಲ. ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರಿದರೆ ಹೊಸ ಶಾಲೆಯವರು ಹಳೆಯ ಶಾಲೆಗೆ ಬರೆದು ಕಡತ ತರಿಸಿಕೊಳ್ಳುತ್ತಾರೆ. ರಾಜ್ಯದ ಪ್ರತಿಯೊಂದು ಸರ್ಕಾರಿ ಶಾಲೆಯ ಮಗುವಿಗೂ 10 ಅಂಕಿಯ ಒಂದು ಗುರುತಿನ ಸಂಖ್ಯೆ ಇದೆ. ಫ್ರೀಮಾಂಟಿನಿಂದ ಸ್ಯಾನ್ ಡಿಯೇಗೋಗೆ ಹೋದರೂ ಅದೇ ಸಂಖ್ಯೆ.

ಅತ್ತ ಕರ್ನಾಟಕದಲ್ಲೂ ವ್ಯವಸ್ಥೆ ಇಲ್ಲದೇ ಇಲ್ಲ. ಶಿಕ್ಷಣ ಇಲಾಖೆಯ ಸ್ಯಾಟ್ಸ್ ಎಂಬ ವಿದ್ಯಾರ್ಥಿ ಮಾಹಿತಿ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇರುತ್ತದೆ. ಅದರ ಮೇಲೆ 2023ರಿಂದ ಕೇಂದ್ರ ಸರ್ಕಾರದ ಅಪಾರ್ ಎಂಬ 12 ಅಂಕಿಯ ಗುರುತು ಬಂದಿದೆ. ಅಂಕಪಟ್ಟಿಗಳನ್ನು ಇಡಲು 2015ರಲ್ಲಿ ಶುರುವಾದ ಡಿಜಿಲಾಕರ್ ಇದೆ. ಎರಡೂ ಕಡೆ ಗಣಕಯಂತ್ರಗಳು ಚೆನ್ನಾಗಿಯೇ ಇವೆ. ಆದರೆ ಇಲ್ಲಿನ ಸಂಖ್ಯೆಗೂ ಅಲ್ಲಿನ ಸಂಖ್ಯೆಗೂ ಪರಿಚಯವೇ ಇಲ್ಲ! ನಡುವೆ ಪೆಸಿಫಿಕ್ ಸಾಗರ. ಕಡತ ಇಲ್ಲೇ ಉಳಿಯುತ್ತದೆ, ಮಗು ಅಲ್ಲಿಗೆ ಹೋಗುತ್ತದೆ.

ಈ ತೊಂದರೆ ನಮಗೆ ಹೊಸದಾಗಿ ಬಂದದ್ದು ಎಂದುಕೊಳ್ಳಬೇಡಿ. ನಾವಿರುವ ಜಾಗದಿಂದ ಹೈವೇ ಹಿಡಿದು ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದರೆ ವಾಟ್ಸನ್‌ವಿಲ್, ಸಲೀನಾಸ್. ನಾವು ತಿನ್ನುವ ಸ್ಟ್ರಾಬೆರಿ, ಲೆಟ್ಯೂಸ್ ಬೆಳೆಯುವ ಊರುಗಳು. ಅಲ್ಲಿ ಹೊಲದಲ್ಲಿ ದುಡಿಯುವವರು ಬೆಳೆಯ ಹಿಂದೆ ಊರಿಂದೂರಿಗೆ ಹೋಗುತ್ತಾರೆ, ಅವರ ಹಿಂದೆ ಮಕ್ಕಳು. ಒಂದೇ ವರ್ಷದಲ್ಲಿ ಮೂರು ಶಾಲೆ ಕಂಡ ಮಕ್ಕಳಿದ್ದಾರೆ. ಇಂಥವರಿಗಾಗಿ 1966ರಲ್ಲಿ ಅಮೆರಿಕದ ಸರ್ಕಾರ ವಲಸೆ ಮಕ್ಕಳ ಶಿಕ್ಷಣ ಯೋಜನೆಯನ್ನು ಆರಂಭಿಸಿತು. 1969ರ ಸುಮಾರಿಗೆ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಎಂಬ ಊರಿನಲ್ಲಿ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಈ ಮಕ್ಕಳ ದಾಖಲೆಗಳನ್ನೆಲ್ಲ ಕೂಡಿಡಲು ಶುರುಮಾಡಿದರು. ಮಗು ಯಾವ ತರಗತಿ, ಯಾವ ಲಸಿಕೆ ಆಗಿದೆ, ಗಣಿತದಲ್ಲಿ ಎಲ್ಲಿಯವರೆಗೆ ಬಂದಿದೆ ಎಂಬುದು ತಂತಿಯ ಮೂಲಕ ಹೊಸ ಶಾಲೆಗೆ ಹೋಗುತ್ತಿತ್ತು. ನಮ್ಮೂರಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಅದು! ಆ ವ್ಯವಸ್ಥೆ 1990ರ ದಶಕದ ನಡುವಿನಲ್ಲಿ ನಿಂತುಹೋಯಿತು. 2007ರಲ್ಲಿ ಎಂಸಿಕ್ಸ್ ಎಂಬ ಹೆಸರಿನ ಹೊಸ ವ್ಯವಸ್ಥೆ ಬಂತು. ರಾಜ್ಯ ರಾಜ್ಯಗಳ ನಡುವೆ ದಾಖಲೆ ವಿನಿಮಯ ಅದರ ಕೆಲಸ. ಮೆಕ್ಸಿಕೋಗೆ ಹೋಗಿ ಬರುವ ಮಕ್ಕಳಿಗೆ ಎರಡೂ ದೇಶಗಳು ಒಪ್ಪಿಕೊಂಡ ಒಂದು ವರ್ಗಾವಣೆ ಪತ್ರವೂ ಇದೆ.

ಅಂದರೆ ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ಭಾರತ-ಅಮೆರಿಕದ ನಡುವೆ ಅಂಥದ್ದೊಂದು ಪತ್ರವನ್ನು ನಮ್ಮ ಮಕ್ಕಳು ಕಂಡಿಲ್ಲ, ಅಷ್ಟೆ. ನಾವು ಸಾಫ್ಟ್‌ವೇರ್ ಮಂದಿ, ಕೈತುಂಬ ಸಂಬಳದವರು, ನಮಗ್ಯಾಕೆ ವಲಸೆ ಕಾರ್ಮಿಕರ ಕಥೆ ಎಂದು ಕೆಲವರು ಮೂಗು ಮುರಿಯಬಹುದು. ಬೆಂಗಳೂರಿನಲ್ಲಿ ಕಟ್ಟಡ ಕಟ್ಟಲು ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳಿಗೆ ಟೆಂಟ್ ಶಾಲೆಗಳನ್ನು ನಡೆಸಿದ ನಾಡು ನಮ್ಮದು. ಆ ಮಕ್ಕಳ ಕಷ್ಟದ ಮುಂದೆ ನಮ್ಮದು ಏನೇನೂ ಅಲ್ಲ ಎಂಬುದು ನಿಜ. ಆದರೆ ಹೊಸ ಶಾಲೆಯ ಮೊದಲ ದಿನ ಕೊನೆಯ ಬೆಂಚಿನಲ್ಲಿ ಕೂತು, ಟೀಚರು ಏನು ಹೇಳುತ್ತಿದ್ದಾರೆಂದು ತಿಳಿಯದೆ ಪಿಳಿಪಿಳಿ ನೋಡುವ ಹತ್ತು ವರ್ಷದ ಮಗುವಿಗೆ ಅಪ್ಪನ ಸಂಬಳ ಎಷ್ಟೆಂಬುದು ನೆನಪಿಗೆ ಬರುವುದಿಲ್ಲ.

ಹಾಗಾದರೆ ಕಡತ ಹೊರುವವರು ಯಾರು? ತಂದೆ-ತಾಯಿಗಳೇ. ಶಾಲೆ ಬಿಡುವ ಮುಂಚೆ, ಎಂದರೆ ಹೆಸರು ತೆಗೆಸುವ ಮುಂಚೆ, ಪೋಷಕರ ಪೋರ್ಟಲಿಗೆ ಹೋಗಿ ಎಲ್ಲ ವರ್ಷಗಳ ರಿಪೋರ್ಟ್ ಕಾರ್ಡುಗಳನ್ನೂ ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ನಮ್ಮ ಹುಡುಗನ ಮನೆಯವರು ಇದನ್ನು ಬೆಂಗಳೂರಿಗೆ ಹೋಗಿ ಮಾಡೋಣ ಎಂದುಕೊಂಡಿದ್ದರು. ಅಷ್ಟರಲ್ಲಿ ಪೋರ್ಟಲಿನ ಬಾಗಿಲು ಮುಚ್ಚಿತ್ತು. ಮಗುವಿನ ಗೂಗಲ್ ಕ್ಲಾಸ್‌ರೂಮ್ ಖಾತೆ ಶಾಲೆಯದ್ದು, ನಿಮ್ಮದಲ್ಲ. ಅದರಲ್ಲಿರುವ ಪ್ರಬಂಧ, ವಿಜ್ಞಾನದ ಪ್ರಾಜೆಕ್ಟು, ಚಿತ್ರ ಎಲ್ಲವನ್ನೂ ನಿಮ್ಮ ಸ್ವಂತ ಜಾಗಕ್ಕೆ ನಕಲು ಮಾಡಿಕೊಳ್ಳಿ. ಕಚೇರಿಯಲ್ಲಿ ಒಂದು ಪತ್ರ ಕೇಳಿ: ಮಗು ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ತರಗತಿಯಲ್ಲಿ ಓದಿದೆ, ನಡತೆ ಚೆನ್ನಾಗಿದೆ, ಶಾಲೆಗೆ ಬಾಕಿ ಏನೂ ಇಲ್ಲ ಎಂದು, ಲೆಟರ್‌ಹೆಡ್ಡಿನಲ್ಲಿ, ಸಹಿ ಮೊಹರಿನೊಂದಿಗೆ. ಹೆಚ್ಚಿನ ಕಡೆ ಟಿ.ಸಿ. ಬದಲು ಇದನ್ನು ಒಪ್ಪುತ್ತಾರೆ. ಕೆಲವರು ಅಪೋಸ್ಟೀಲ್ ಎಂಬ ಮುದ್ರೆ ಬೇಕೆನ್ನುತ್ತಾರೆ. 2005ರಲ್ಲಿ ಭಾರತ ಆ ಒಪ್ಪಂದಕ್ಕೆ ಸೇರಿದ್ದರಿಂದ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಮುದ್ರೆ ಅಲ್ಲಿ ನಡೆಯುತ್ತದೆ. ಬೇಕೋ ಬೇಡವೋ ಎಂದು ಮೊದಲೇ ಕೇಳಿಕೊಂಡರೆ ಅನಾವಶ್ಯಕ ಓಡಾಟ ತಪ್ಪುತ್ತದೆ. ಮಗುವಿಗೆ ಮಾತಿನ ತೊಂದರೆಗೋ ಓದಿನ ತೊಂದರೆಗೋ ಇಲ್ಲಿ ವಿಶೇಷ ನೆರವು ಸಿಗುತ್ತಿದ್ದರೆ ಆ ವರದಿಗಳ ಪೂರ್ತಿ ಪ್ರತಿ ಮುಖ್ಯ. ಇಲ್ಲಿನ ಐಇಪಿಗೆ ಅಲ್ಲಿ ಕಾನೂನಿನ ಬಲವಿಲ್ಲ. ಆದರೆ ಅದನ್ನು ಓದಿದ ಒಳ್ಳೆಯ ಟೀಚರಿಗೆ ಆರು ತಿಂಗಳ ಪತ್ತೇದಾರಿಕೆ ಉಳಿಯುತ್ತದೆ.

ಕಾಗದದ ಮಾತು ಸಾಕು. ಪಾಠಕ್ಕೆ ಬರೋಣ.

ಇಲ್ಲಿ ಶಾಲೆ ಆಗಸ್ಟಿನಲ್ಲಿ ತೆರೆದು ಜೂನ್ ಮೊದಲ ವಾರಕ್ಕೆ ಮುಚ್ಚುತ್ತದೆ. ಅಲ್ಲಿ ಸಿಬಿಎಸ್ಇಯವರಿಗೆ ಏಪ್ರಿಲ್, ರಾಜ್ಯ ಪಠ್ಯಕ್ರಮದವರಿಗೆ ಮೇ ಕೊನೆ ಅಥವಾ ಜೂನ್. ಬೇಸಿಗೆ ರಜೆಯಲ್ಲಿ ಹೋಗೋಣ ಎಂದು ಜೂನ್ ತಿಂಗಳಲ್ಲಿ ವಿಮಾನ ಹತ್ತಿದವರು ಸಿಬಿಎಸ್ಇ ಶಾಲೆಗೆ ಸೇರುವ ಹೊತ್ತಿಗೆ ಎರಡು ಪಾಠ ಮುಗಿದು ಒಂದು ಟೆಸ್ಟೂ ಆಗಿರುತ್ತದೆ. ಆ ಎರಡು ಪಾಠವನ್ನು ಇಲ್ಲಿಂದಲೇ ಓದಿಸಬಹುದು. ಎನ್‌ಸಿಇಆರ್‌ಟಿ ಪುಸ್ತಕಗಳೂ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2017ರಲ್ಲಿ ಆರಂಭವಾದ ದೀಕ್ಷಾ ಜಾಲತಾಣದಲ್ಲಿ ಪಾಠಕ್ಕೆ ಹೊಂದುವ ವಿಡಿಯೋಗಳಿವೆ. ಪುಸ್ತಕದ ಪುಟದಲ್ಲಿರುವ ಕ್ಯೂಆರ್ ಚೌಕಕ್ಕೆ ಫೋನು ಹಿಡಿದರೆ ನೇರ ಅಲ್ಲಿಗೆ ಹೋಗಬಹುದು. ನಮ್ಮ ಮೌಂಟನ್ ವ್ಯೂನಲ್ಲೇ ಇರುವ ಖಾನ್ ಅಕಾಡೆಮಿಯಲ್ಲಿ ಅಮೆರಿಕದ ತರಗತಿಗಳ ಜೊತೆಗೆ ಭಾರತದ ತರಗತಿವಾರು ಗಣಿತವೂ ಇದೆ. ಸಲ್ಮಾನ್ ಖಾನ್ (ಸಿನಿಮಾದವರಲ್ಲ!) 2004ರಲ್ಲಿ ಬಾಸ್ಟನ್ನಿನಲ್ಲಿ ಕೂತು ನ್ಯೂ ಆರ್ಲಿಯನ್ಸಿನಲ್ಲಿದ್ದ ಸೋದರಸಂಬಂಧಿ ತಂಗಿಗೆ ಫೋನು, ಕಂಪ್ಯೂಟರಿನ ಮೂಲಕ ಲೆಕ್ಕ ಹೇಳಿಕೊಟ್ಟದ್ದೇ ಅದರ ಮೂಲ. ದೂರದ ಬಂಧುವಿಗೆ ಪಾಠ ಹೇಳುವುದು ನಮ್ಮಂಥವರ ಮನೆಯಲ್ಲಿ ನಿತ್ಯದ ಕೆಲಸವಲ್ಲವೇ?

ಆದರೆ ಮಕ್ಕಳು ಎಡವುವುದು ದೊಡ್ಡ ಪಾಠಗಳಲ್ಲಿ ಅಲ್ಲ, ಸಣ್ಣ ವಿಷಯಗಳಲ್ಲಿ. ನಮ್ಮ ಹುಡುಗ ಗಣಿತದಲ್ಲಿ ಚುರುಕು. ಅಲ್ಲಿಯ ಮೊದಲ ಟೆಸ್ಟಿನಲ್ಲಿ 12,34,567 ಎಂಬ ಸಂಖ್ಯೆ ನೋಡಿ ಅಚ್ಚಿನ ತಪ್ಪು ಎಂದುಕೊಂಡನಂತೆ. ಅವನಿಗೆ ಗೊತ್ತಿದ್ದದ್ದು 1,234,567. ಮಿಲಿಯನ್ ಗೊತ್ತು, ಲಕ್ಷ ಗೊತ್ತಿಲ್ಲ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಹತ್ತು ಮಿಲಿಯನ್ ಎಂದರೆ ಒಂದು ಕೋಟಿ ಎಂದು ಬಾಯಲ್ಲಿ ಹೇಳಿಕೊಟ್ಟರೆ ಸಾಲದು. ಕಣ್ಣಿಗೆ ಅಭ್ಯಾಸವಾಗಬೇಕು. ಇದಕ್ಕೊಂದು ಸುಲಭ ಉಪಾಯ ಇದೆ. ಎಕ್ಸೆಲ್ ಆಗಲಿ ಗೂಗಲ್ ಶೀಟ್ ಆಗಲಿ ತೆರೆದು ಒಂದು ಕಂಬಸಾಲನ್ನು ಅಮೆರಿಕದ ರೀತಿಗೂ ಪಕ್ಕದ್ದನ್ನು ಭಾರತದ ರೀತಿಗೂ ಹೊಂದಿಸಿ. ಮಗು ಅಲ್ಲಿ ಒಂದು ಅಂಕಿ ಬರೆದರೆ ಇಲ್ಲಿ ಅಲ್ಪವಿರಾಮ ಜಾಗ ಬದಲಾಯಿಸಿಕೊಂಡು ಕೂರುತ್ತದೆ. ಮನೆ ಬೆಲೆ, ಊರಿನ ಜನಸಂಖ್ಯೆ, ಚಂದ್ರನಿಗಿರುವ ದೂರ, ಏನು ಬೇಕಾದರೂ ಹಾಕಿ ಆಡಲಿ. ಎರಡು ಸಂಜೆಯ ಆಟ.

ಭಾಗಾಕಾರ ಇನ್ನೊಂದು. ಇಲ್ಲಿ ಭಾಗಲಬ್ಧವನ್ನು ಗೆರೆಯ ಮೇಲೆ ಬರೆಯುತ್ತಾರೆ. ನಮ್ಮೂರಲ್ಲಿ ಎಷ್ಟೋ ಟೀಚರುಗಳು ಬಲಕ್ಕೆ ಇನ್ನೊಂದು ಕಂಸ ಹಾಕಿ ಅಲ್ಲಿ ಬರೆಸುತ್ತಾರೆ. ಲೆಕ್ಕ ಒಂದೇ, ವೇಷ ಬೇರೆ. ತಾರೀಖು ಬರೆಯುವಾಗ ಇಲ್ಲಿ ತಿಂಗಳು ಮೊದಲು, ಅಲ್ಲಿ ದಿನ ಮೊದಲು. ಇಂಚು, ಪೌಂಡುಗಳ ಬದಲು ಸೆಂಟಿಮೀಟರ್, ಕಿಲೋ. ಸ್ಪೆಲಿಂಗಿನಲ್ಲಿ ಒಂದು 'ಯು' ಬಿಟ್ಟರೆ ಅಲ್ಲಿ ಅರ್ಧ ಅಂಕ ಹೋಯಿತು. ಅದಕ್ಕೆ ಕಂಪ್ಯೂಟರಿನ ಭಾಷೆಯನ್ನು ಹೊರಡುವ ಎರಡು ತಿಂಗಳ ಮುಂಚೆಯೇ ಭಾರತದ ಇಂಗ್ಲಿಷಿಗೆ ಬದಲಾಯಿಸಿಬಿಡಿ. ಕೆಂಪು ಗೆರೆ ತಾನೇ ಪಾಠ ಹೇಳುತ್ತದೆ.

ಯಂತ್ರಕ್ಕೆ ಆಗದ ಒಂದು ಕೆಲಸವನ್ನೂ ಹೇಳಬೇಕು. ಅದು ಕೈಬರಹ. ಇಲ್ಲಿ ಮಕ್ಕಳು ಕ್ರೋಮ್‌ಬುಕ್ಕಿನಲ್ಲಿ ಟೈಪು ಮಾಡಿ ಬೆಳೆಯುತ್ತಾರೆ. ಅಲ್ಲಿ ಮೂರು ಗಂಟೆ ಕೂತು ಪೆನ್ನಿನಲ್ಲಿ ಉತ್ತರ ಬರೆಯಬೇಕು. ನಮ್ಮ ಹುಡುಗನಿಗೆ ಉತ್ತರ ಗೊತ್ತಿದ್ದರೂ ಅರ್ಧ ಪ್ರಶ್ನೆಪತ್ರಿಕೆಗೆ ಸಮಯ ಮುಗಿದುಹೋಗಿ, ಮನೆಗೆ ಬಂದು ಬ್ಯಾಗು ಎಸೆದು ಅತ್ತನಂತೆ. ಅವನ ಅಜ್ಜಿ ಕಾಪಿ ಬುಕ್ಕು ತಂದು ದಿನಕ್ಕೊಂದು ಪುಟ ಬರೆಸಲು ಶುರುಮಾಡಿದರು. ದಸರಾ ರಜೆ ಹೊತ್ತಿಗೆ ಕೈ ಕೂತಿತು. ಅಜ್ಜಿಗೆ ಸಮನಾದ ಆ್ಯಪ್ ಇನ್ನೂ ಬಂದಿಲ್ಲ!

ಇನ್ನು ಕನ್ನಡ. "ಹೇಗಿದ್ದರೂ ಮನೆಯಲ್ಲಿ ಕನ್ನಡ ಮಾತಾಡ್ತೀವಲ್ಲ" ಎಂದು ಧೈರ್ಯವಾಗಿ ಹೋದವರು ಅಲ್ಲಿ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ 2017-18ರಿಂದ ಒಂದನೇ ತರಗತಿಯಿಂದ ಮೊದಲುಮಾಡಿ ಹಂತ ಹಂತವಾಗಿ ಎಲ್ಲ ಶಾಲೆಗಳಿಗೂ ಕನ್ನಡ ಬಂದಿದೆ, ಸಿಬಿಎಸ್ಇ, ಐಸಿಎಸ್ಇ ಎನ್ನದೆ. ಸೇರುವ ಶಾಲೆಯಲ್ಲಿ ಯಾವ ಮಟ್ಟದ ಕನ್ನಡ, ಯಾವ ಪುಸ್ತಕ ಎಂದು ಮೊದಲೇ ಕೇಳಿಕೊಳ್ಳಿ. ದ್ವಿತೀಯ ಭಾಷೆಯವರ 'ತಿಳಿ ಕನ್ನಡ' ಪುಸ್ತಕವನ್ನು ಇಲ್ಲಿಂದಲೇ ಇಳಿಸಿಕೊಂಡು ಒಂದು ತರಗತಿ ಹಿಂದಿನಿಂದ ಶುರುಮಾಡಿದರೆ ಮಗುವಿಗೆ ಭಯವಾಗುವುದಿಲ್ಲ.

ಇಲ್ಲಿ ನನ್ನದೊಂದು ಹಟ ಇದೆ, ಒಪ್ಪದವರು ಬೈದುಕೊಳ್ಳಲಿ. ಮಕ್ಕಳಿಗೆ ಮೊದಲು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದನ್ನು ಕಲಿಸಬೇಡಿ. ನಮಗೆ ದೊಡ್ಡವರಿಗೆ ಅದು ವರ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದಾಗ ಅಮೆರಿಕದಲ್ಲಿ ಕೂತು ಕನ್ನಡದಲ್ಲಿ ಪತ್ರ ಬರೆದ ಆ ಸಂತೋಷವನ್ನು ನಾನು ಮರೆತಿಲ್ಲ. ಆದರೆ ಒತ್ತಕ್ಷರದ ಆಕಾರವೇ ಕೈಗೆ ಬಾರದ ಮಗು ಹಾಗೆ ಟೈಪು ಮಾಡಿದರೆ ಅದರ ತಲೆಯಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರವೇ. ಫೋನಿನ ಗೂಗಲ್ ಕೀಲಿಮಣೆಯಲ್ಲಿ ಬೆರಳಿನಿಂದ ಬರೆಯುವ ಸೌಲಭ್ಯ ಇದೆ. ಕನ್ನಡಕ್ಕೆ ಅದನ್ನು ಹೊಂದಿಸಿ. ಮಗು ಗಾಜಿನ ಮೇಲೆ 'ಸ್ತ್ರೀ' ಎಂದು ಬರೆಯಲಿ. ಸರಿಯಾಗಿ ಬರೆದರೆ ಫೋನು ಗುರುತಿಸುತ್ತದೆ, ಇಲ್ಲದಿದ್ದರೆ ಇನ್ನೇನನ್ನೋ ತೋರಿಸುತ್ತದೆ. ನಮ್ಮ ತರಗತಿಯ ಮಕ್ಕಳಿಗೆ ಇದು ಆಟವಾಗಿಬಿಟ್ಟಿದೆ. ಅಕ್ಷರ ಕೂತ ಮೇಲೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನೇ ಕಲಿಸಿ. 'ನುಡಿ'ಯಲ್ಲಿರುವುದು ಅದೇ, ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಓದಲು ಪುಸ್ತಕ ಸಿಗುವುದಿಲ್ಲ ಎಂಬ ದೂರು ಈಗ ನಡೆಯುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ನಾಲ್ಕು ಮಟ್ಟಗಳಲ್ಲಿ ಉಚಿತವಾಗಿವೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವುದರಿಂದ ಮಗು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬಹುದು. ಅರ್ಥ ತಿಳಿಯದಿದ್ದರೆ ವಿ. ಕೃಷ್ಣ ಅವರ 'ಅಲರ್' ನಿಘಂಟು ಇದೆ; ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳು, 2019ರಿಂದ ಎಲ್ಲರಿಗೂ ಮುಕ್ತ.

ಒಂದು ಎಚ್ಚರಿಕೆ. ನಮ್ಮ ತರಗತಿಯ ಹಳೆಯ ಅಭ್ಯಾಸಪತ್ರಗಳು ಒಂದು ಸಿಡಿಯಲ್ಲಿದ್ದವು. ಇತ್ತೀಚೆಗೆ ತೆರೆದರೆ ಪುಟದ ತುಂಬ ವಿಚಿತ್ರ ಗುರುತುಗಳು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ ಬರೆದವು ಅವು. ಪರಿವರ್ತಕ ತಂತ್ರಾಂಶದಿಂದ ಹೆಚ್ಚಿನದನ್ನು ಉಳಿಸಿಕೊಂಡೆವು, ಕೆಲವು ಹೋದವು. ಆದ್ದರಿಂದ ಮಗುವಿನ ಕನ್ನಡ ಬರಹ ಏನೇ ಇರಲಿ, ಯೂನಿಕೋಡಿನಲ್ಲಿಡಿ, ಒಂದು ಪಿಡಿಎಫ್ ಪ್ರತಿಯನ್ನೂ ಇಡಿ.

ಅಲ್ಲಿಂದ ಇಲ್ಲಿಗೆ ಬರುವವರಿಗೂ ಎರಡು ಮಾತು. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದೆಂದು ಒಂದು ನಮೂನೆ ಕೊಡುತ್ತಾರೆ. ಕನ್ನಡ ಎಂದು ಬರೆದರೆ 30 ದಿನದೊಳಗೆ ಮಗುವಿಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಗುವಿಗೆ ಇದೇನು ಅವಮಾನ ಎಂದು ಸಿಟ್ಟಾಗಿ ಕೆಲವರು 'ಇಂಗ್ಲಿಷ್' ಎಂದು ಬರೆದುಬಿಡುತ್ತಾರೆ. ಸುಳ್ಳು ಬರೆಯಬೇಡಿ. ಪರೀಕ್ಷೆ ಹೇಗಿರುತ್ತದೆಂದು ತೋರಿಸುವ ಮಾದರಿ ಪ್ರಶ್ನೆಗಳು ಅಂತರಜಾಲದಲ್ಲಿವೆ. ಮೈಕಿನಲ್ಲಿ ಉತ್ತರ ಹೇಳುವುದು, ಮೌಸಿನಿಂದ ಎಳೆದು ಬಿಡುವುದು ಇವನ್ನು ಮನೆಯಲ್ಲಿ ಒಮ್ಮೆ ಮಾಡಿಸಿದರೆ ಇಂಗ್ಲಿಷ್ ಬರುವ ಮಗು ಸುಲಭವಾಗಿ ಪಾರಾಗುತ್ತದೆ. ಅಲ್ಲದೆ ಆ ಕನ್ನಡಕ್ಕೆ ಮುಂದೆ ಬೆಲೆಯೂ ಇದೆ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲೂ ಪ್ರಾವೀಣ್ಯ ತೋರಿಸಿ ಹೈಸ್ಕೂಲು ಮುಗಿಸಿದವರಿಗೆ 2012ರಿಂದ ಕ್ಯಾಲಿಫೋರ್ನಿಯಾ ದ್ವಿಭಾಷಾ ಮುದ್ರೆಯನ್ನು ಕೊಡುತ್ತಿದೆ. ದೇಶದಲ್ಲೇ ಮೊದಲ ರಾಜ್ಯ. ನಿಮ್ಮ ಶಾಲಾ ಡಿಸ್ಟ್ರಿಕ್ಟು ಕನ್ನಡವನ್ನು ಹೇಗೆ ಪರೀಕ್ಷಿಸುತ್ತದೆ ಎಂದು ಒಂಬತ್ತನೇ ತರಗತಿಯಲ್ಲೇ ಕೇಳಿಕೊಂಡರೆ ಒಳ್ಳೆಯದು.

ನಮ್ಮ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನನ್ನು ಕೊನೆಗೆ ಏಪ್ರಿಲ್ ತಿಂಗಳಲ್ಲಿ ಮತ್ತೆ ಐದನೇ ತರಗತಿಗೇ ಸೇರಿಸಿದರು. ಮೊದಲು ಮುಖ ಉಬ್ಬಿಸಿಕೊಂಡಿದ್ದನಂತೆ. ಅವನು ನಮ್ಮ ಶನಿವಾರದ ತರಗತಿಗೆ ವಿಡಿಯೋದಲ್ಲಿ ಬರುತ್ತೇನೆ ಎಂದು ಹಟ ಹಿಡಿದ. ಇಲ್ಲಿ ಬೆಳಿಗ್ಗೆ 10 ಎಂದರೆ ಅಲ್ಲಿ ರಾತ್ರಿ ಹತ್ತೂವರೆ. ಎರಡು ವಾರ ಬಂದ, ಮೂರನೇ ವಾರ ಪರದೆಯ ಮುಂದೆಯೇ ನಿದ್ದೆ ಹೋದ. ಆಮೇಲೆ ಇಲ್ಲಿನ ಅವನ ಗೆಳೆಯನೇ ಒಂದು ದಾರಿ ಹುಡುಕಿದ. ಇಲ್ಲಿ ಶನಿವಾರ ಸಂಜೆ 7 ಗಂಟೆ, ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಇಬ್ಬರೂ ಒಂದೇ ಕಥೆ ತೆರೆದುಕೊಂಡು ಪುಟಕ್ಕೊಬ್ಬರಂತೆ ಓದುತ್ತಾರೆ. ಮೊದಮೊದಲು ಇವನು ಅವನನ್ನು ತಿದ್ದುತ್ತಿದ್ದ. ಈಗ ಅವನು ಇವನನ್ನು ತಿದ್ದುತ್ತಾನೆ. ಇಲ್ಲಿ ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದಾಗ ಮಾತ್ರ ಒಂದು ವಾರ ಗೊಂದಲವಾಗಿ, ಬೆಂಗಳೂರಿನವನು ಒಂದು ಗಂಟೆ ಕಾದು ಕುಳಿತಿದ್ದನಂತೆ. ಮಾರ್ಚಿನಲ್ಲಿ ಮತ್ತೆ ಅದೇ ಆಗಬಾರದೆಂದು ಇಬ್ಬರೂ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.